82 ವರ್ಷದ ಅಜ್ಜಿಗೆ ಮನೆಯಿಂದಲೇ ಮತದಾನ ಸಾಧ್ಯವೇ?

2023ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಲ್ಲೇ ಮತ ಹಾಕಿದ ನಿಮ್ಮ ಅಜ್ಜಿಗೆ ಮುಂದೆಯೂ ಆ ಅನುಕೂಲ ಸಿಗುತ್ತದೆಯೇ ಎಂದು ಕೇಳಿದ್ದೀರಿ. ವಯಸ್ಸಿನ ಆಧಾರದಲ್ಲಿ ಸಿಗುವುದಿಲ್ಲ. ಆಗ 80 ಇದ್ದ ಮಿತಿಯನ್ನು 2024ರಲ್ಲಿ 85ಕ್ಕೆ ಏರಿಸಿದರು. ನನಗಂತೂ ಇದು ಸರಿಯೆನಿಸಿಲ್ಲ. ಮಂಡಿ ಸವೆಯುವುದಕ್ಕೆ 85 ಆಗಲೇಬೇಕೆಂದಿಲ್ಲ.

ಆದರೆ ಇನ್ನೊಂದು ದಾರಿಯಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ. ಅಜ್ಜಿಗೆ ನಡೆಯಲು ಆಗುವುದಿಲ್ಲ ಎಂದಿದ್ದೀರಲ್ಲ, ಈಗಲೇ ವೈದ್ಯರಿಗೆ ತೋರಿಸಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಏಕೆಂದರೆ ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ಮನೆಯಿಂದ ಮತ ಹಾಕಲು ಕೋರುವ ಅರ್ಜಿ, ಅಂದರೆ ನಮೂನೆ 12ಡಿ ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೈಗೆ ಕೊಡಬೇಕು.

ಅರ್ಜಿ ಒಪ್ಪಿತವಾದರೆ ಸಿಬ್ಬಂದಿ ಮನೆಗೇ ಬರುತ್ತಾರೆ. ರಟ್ಟಿನ ಮರೆಯ ಹಿಂದೆ ಮತಪತ್ರದಲ್ಲಿ ಗುರುತು ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸುವುದು. ಗುರುತು ಹಾಕುವಾಗ ನೀವು ಇಣುಕಬಾರದು, ಗೋಪ್ಯತೆ ಅಜ್ಜಿಯ ಹಕ್ಕು. ಒಮ್ಮೆ ಇದನ್ನು ಆರಿಸಿಕೊಂಡರೆ ಮತಗಟ್ಟೆಯಲ್ಲಿ ಮತ ಹಾಕುವಂತಿಲ್ಲ.

ಪ್ರಮಾಣಪತ್ರ ಸಿಗದಿದ್ದರೂ ಕೈಚೆಲ್ಲಬೇಡಿ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಮತಗಟ್ಟೆಯಲ್ಲಿ ಗಾಲಿಕುರ್ಚಿ ಕೇಳಬಹುದು. ಕಣ್ಣು ಮಂಜಾಗಿ ಚಿಹ್ನೆ ಕಾಣದಿದ್ದರೆ, ಮತಗಟ್ಟೆ ಅಧ್ಯಕ್ಷಾಧಿಕಾರಿಯ ಅನುಮತಿ ಪಡೆದು 18 ತುಂಬಿದ ಒಬ್ಬರು ಜೊತೆಗೆ ಹೋಗಬಹುದು.