ಜೋಳದ ತೆನೆಯ ಕೊಂಬು, ಹೆರಿಗೆ ವಾರ್ಡಿನ ಇಂಜೆಕ್ಷನ್

ಪ್ರಶ್ನೆ: ನಮ್ಮ ಜೋಳದ ತೆನೆಗಳಲ್ಲಿ ಮೊದಲು ಅಂಟು ಸುರಿಯಿತು, ಆಮೇಲೆ ಕಾಳಿನ ಜಾಗದಲ್ಲಿ ಕೊಂಬಿನಂಥದ್ದು ಬಂತು. ಹೆರಿಗೆ ನಂತರ ರಕ್ತಸ್ರಾವ ನಿಲ್ಲಿಸುವ ಮದ್ದು ಇದರಿಂದಲೇ ಬರುತ್ತದೆ ಅಂತಾಳೆ ಬಿ.ಫಾರ್ಮ್ ಓದುವ ಮಗಳು. ನಿಜವೇ? ಈ ಜೋಳ ಎಮ್ಮೆಗೆ ಹಾಕಬಹುದೇ?
– ಓದುಗರೊಬ್ಬರು, ಕಡೂರು

ಉತ್ತರ: ಮಗಳು ಹೇಳಿದ್ದು ಅರ್ಧ ಸರಿ. ನೀವು ಕಂಡ ಅಂಟು, ಕೊಂಬಿನ ರೋಗದ ಹೆಸರು ಎರ್ಗಾಟ್. ಔಷಧಿಯ ಎರ್ಗಾಟ್ ಯುರೋಪಿನ ರೈ ಎಂಬ ಗೋಧಿಯಂಥ ಬೆಳೆಗೆ ಬರುವ ಕ್ಲಾವಿಸೆಪ್ಸ್ ಪರ್ಪ್ಯೂರಿಯಾ ಎಂಬ ಶಿಲೀಂಧ್ರ. ನಿಮ್ಮ ಹೊಲದ್ದು ಅದರ ದಾಯಾದಿ. ಇಬ್ಬರ ಕಸುಬೂ ಒಂದೇ: ಹೂವಿನ ಅಂಡಾಶಯ ಹೊಕ್ಕು ಅದನ್ನೇ ತಿಂದು, ಸಿಹಿ ಅಂಟು ಸುರಿಸಿ, ಮುತ್ತಿದ ನೊಣಗಳ ಮೈಗೆ ಬೀಜಕಣ ಹತ್ತಿಸಿ ಪಕ್ಕದ ತೆನೆಗೆ ಕಳಿಸುವುದು. ಆದರೆ ಜಾತಿ ಬೇರೆಯಾದರೆ ಆಲ್ಕಲಾಯ್ಡ್, ಅಂದರೆ ಮೈಮೇಲೆ ಪರಿಣಾಮ ಬೀರುವ ರಾಸಾಯನಿಕ, ಕೂಡ ಬೇರೆ. ರೈಯದರಲ್ಲಿ ಎರ್ಗೊಮೆಟ್ರಿನ್, ಎರ್ಗೊಟಮಿನ್, ಸಜ್ಜೆಯದರಲ್ಲಿ ಆಗ್ರೊಕ್ಲಾವಿನ್, ಜೋಳದ ಕ್ಲಾವಿಸೆಪ್ಸ್ ಆಫ್ರಿಕಾನಾದಲ್ಲಿ ಡೈಹೈಡ್ರೊಎರ್ಗೊಸಿನ್. ಜಪಾನಿನಲ್ಲಿ ಜೋಳಕ್ಕೆ ಬರುವ ಇನ್ನೊಂದು ಜಾತಿಯಲ್ಲಿ ಸಿಕ್ಕಿದ್ದು ಕೆಫೀನ್! ಕಾಫಿ ಜಿಲ್ಲೆಯವರಿಗೆ ಇದನ್ನು ಹೇಳದೆ ಇರಲಾಗಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ರೈ ಎರ್ಗಾಟ್ ಇದ್ದರೆ ಮಗಳು ಕೈಯಲ್ಲಿ ಹಿಡಿದು ನೋಡಲಿ. ನೇರಳೆಗಪ್ಪು, ತುಸು ಬಾಗಿದ, ಉದ್ದಕ್ಕೂ ಗೀರು ಬಿದ್ದ ಕೊಂಬು. ಮುರಿದರೆ ಒಳಗೆ ಬಿಳಿಚು. ಪುಡಿಗೆ ಕ್ಷಾರ ಬೆರೆಸಿದರೆ ಟ್ರೈಮೀಥೈಲಮಿನ್ ಎಂಬ ಅನಿಲ ಎದ್ದು ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಆಲ್ಕಲಾಯ್ಡ್ ಇದೆಯೇ ಎಂಬುದಕ್ಕೆ ವಾನ್ ಅರ್ಕ್ ಪರೀಕ್ಷೆ: ದ್ರಾವಣ ನೀಲಿಗೆ ತಿರುಗಬೇಕು.

ಮಗಳು ಹೇಳಿದ ಮದ್ದಿನ ಮೂಲವಾದ ಎರ್ಗೊಮೆಟ್ರಿನ್ ರೈ ಎರ್ಗಾಟಿನಿಂದ ಬೇರ್ಪಟ್ಟದ್ದು 1935ರಲ್ಲಿ. ಇವತ್ತು ವಾರ್ಡಿನಲ್ಲಿ ಹೆಚ್ಚಾಗಿ ಬಳಸುವುದು ಅದರ ತಿದ್ದಿದ ರೂಪವಾದ ಮೀಥೈಲ್‌ಎರ್ಗೊಮೆಟ್ರಿನ್. ಸ್ನಾಯುವಿಗೆ ಚುಚ್ಚುವುದು ಬರೀ 0.2 ಮಿಲಿಗ್ರಾಂ, ಅಷ್ಟಕ್ಕೇ ಗರ್ಭಕೋಶ ಬಿಗಿಯಾಗಿ ಕುಗ್ಗಿ ರಕ್ತ ನಿಲ್ಲುತ್ತದೆ. ಬಿಸಿಲು, ಸೆಕೆ ತಾಗಿದರೆ ಕೆಡುತ್ತದೆ, ಅದಕ್ಕೇ ಫ್ರಿಜ್ಜಿನಲ್ಲಿ ಇಡುವುದು. ಬಿಪಿ ಇರುವ ಬಾಣಂತಿಗೆ ಕೊಡುವಂತಿಲ್ಲ. ಎರ್ಗಾಟ್ ರಕ್ತನಾಳಗಳನ್ನೂ ಬಿಗಿಯುತ್ತದೆ: ಮಧ್ಯಯುಗದ ಯುರೋಪಿನಲ್ಲಿ ಎರ್ಗಾಟ್ ಬೆರೆತ ರೈ ಬ್ರೆಡ್ ತಿಂದವರ ಕೈಕಾಲು ಕೊಳೆತು ಉದುರಿದ್ದು ಇದರಿಂದಲೇ. ಹಾಗಾಗಿ ಕೊಂಬು ಅರೆದು ಕಷಾಯ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಲ್ಲಿಗೇ ಬಿಡಿ.

ಎಮ್ಮೆಗಂತೂ ಬೇಡವೇ ಬೇಡ. ಜೋಳದ ಎರ್ಗಾಟಿನ ಆಲ್ಕಲಾಯ್ಡ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಗ್ಗಿಸಿ ಹಾಲು ಬತ್ತಿಸುತ್ತದೆ; ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ 1996ರಲ್ಲಿ ಈ ರೋಗ ಬಂದ ಮೇಲೆ ಹಸು, ಹಂದಿಗಳಲ್ಲಿ ಇದನ್ನು ಕಂಡಿದ್ದಾರೆ. ರೋಗ ತಗುಲಿದ ತೆನೆಗಳನ್ನು ಕಣಕ್ಕೆ ತರುವ ಮೊದಲೇ ಕೊಯ್ದು ಸುಟ್ಟುಬಿಡಿ. ಬಿತ್ತನೆಗೆ ಇದೇ ಜೋಳ ಇಟ್ಟುಕೊಳ್ಳುವುದಾದರೆ ಉಪ್ಪುನೀರಿಗೆ ಸುರಿದು, ತೇಲಿದ್ದನ್ನು ತೆಗೆದೆಸೆದು, ಉಳಿದದ್ದನ್ನು ಎರಡು ಸಲ ಒಳ್ಳೆ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.