ವಿದ್ಯಾರ್ಥಿಗಳು ಕುಡಿದು ಗಾಡಿ ಓಡಿಸದಂತೆ ತಡೆಯಲು ಊರಿನವರನ್ನು ಹೇಗೆ ಜೊತೆಗೆ ಸೇರಿಸಿಕೊಳ್ಳುವುದು?

ಪೋಸ್ಟರ್ ಹಾಕಿಸಿ, ಪೊಲೀಸರಿಂದ ಭಾಷಣ ಮಾಡಿಸಿದರೂ ಏನೂ ಬದಲಾಗಿಲ್ಲ ಅಂತ ಬರೆದಿದ್ದೀರಿ. ನಾನು ಹಲವು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದೆ. ನಾವೂ ಮೊದಲು ಅದನ್ನೇ ಮಾಡಿದ್ದು.

ಒಂದು ರಾತ್ರಿ ನಮ್ಮ ಹುಡುಗನೊಬ್ಬ ಪಾರ್ಟಿ ಮುಗಿಸಿ ಬರುವಾಗ ಡಿವೈಡರ್‌ಗೆ ಗುದ್ದಿ ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನ ಫೋನ್ ನನ್ನ ಕೈಗೆ ಕೊಟ್ಟರು. ಪರದೆಯ ಮೇಲೆ ನನ್ನದೇ ನಂಬರ್ ಒತ್ತಿತ್ತು, ಕರೆ ಮಾತ್ರ ಮಾಡಿರಲಿಲ್ಲ. ‘ಯಾಕೋ ಮಾಡಲಿಲ್ಲ?’ ಅಂದೆ. ‘ಮನೆಗೆ ಹೇಳ್ತೀರಿ ಅಂತ ಭಯ ಆಯ್ತು ಸರ್’ ಅಂದ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹಾಗಾಗಿ ಮೊದಲು ಈ ಭಯ ತೆಗೆಯಿರಿ. ‘ಕುಡಿದು ಕರೆ ಮಾಡಿದವರಿಗೆ ಶಿಕ್ಷೆ ಇಲ್ಲ, ಕುಡಿದು ಓಡಿಸಿದವರಿಗೆ ಇದೆ’ ಅಂತ ಕಾಲೇಜು ಬರವಣಿಗೆಯಲ್ಲಿ ಕೊಡಲಿ. ಪೋಷಕರು ಸುಲಭಕ್ಕೆ ಒಪ್ಪುವುದಿಲ್ಲ. ಕುಡಿಯೋಕೆ ನೀವೇ ದಾರಿ ಮಾಡಿಕೊಡ್ತಿದ್ದೀರಿ ಅಂತ ಜಗಳಕ್ಕೇ ಬರುತ್ತಾರೆ. ಕೂತು ಮಾತಾಡಿ, ಬೇಸರ ಮಾಡಿಕೊಳ್ಳಬೇಡಿ. ಅವರದ್ದೂ ಮಕ್ಕಳ ಮೇಲಿನ ಕಾಳಜಿಯೇ ಅಲ್ವಾ?

ಆಮೇಲೆ, ರಾತ್ರಿ ಹೊತ್ತು ನಿಜವಾಗಿ ಅಲ್ಲಿರುವವರನ್ನು ಹುಡುಕಿ: ಬಾರಿನವರು, ಟ್ಯಾಕ್ಸಿಯವರು, ಗೇಟಿನ ವಾಚ್‌ಮನ್. ಕುಡಿಯುವ ವಯಸ್ಸಾಗದವರಿಗೆ ಮದ್ಯ ಕೊಡಬೇಡಿ ಅಂದಾಗ ಬಾರಿನವರು ತಲೆಯಾಡಿಸಿ ಸುಮ್ಮನಾದರು. ರಾತ್ರಿಯಿಡೀ ಬೈಕ್ ನಿಲ್ಲಿಸಲು ಜಾಗ ಕೊಡಿ ಅಂದಾಗ ಮಾತ್ರ ಮನಸ್ಸಿಟ್ಟು ಕೇಳಿದರು. ಬೈಕ್ ಕಳುವಾದರೆ ಅನ್ನೋ ಹೆದರಿಕೆಗೇ ಎಷ್ಟೋ ಹುಡುಗರು ಅದನ್ನು ಓಡಿಸಿಕೊಂಡು ಬರುತ್ತಿದ್ದರು! ಟ್ಯಾಕ್ಸಿ ಬಾಡಿಗೆ ಮೊದಲು ಕಾಲೇಜು ಕೊಡುವುದು, ವಿದ್ಯಾರ್ಥಿ ಆಮೇಲೆ ತುಂಬುವುದು ಅಂತ ಮಾಡಿಕೊಂಡೆವು.

ಹಾಗೆ ಬಿಟ್ಟುಹೋದ ಬೈಕಿನ ಕೀಲಿಯನ್ನು ಬೆಳಿಗ್ಗೆ ಒಂಬತ್ತರ ಮೊದಲು ವಾಪಸ್ ಕೊಡಬೇಡಿ ಅಂತಲೂ ಬಾರಿನವರಿಗೆ ಹೇಳಿ. ರಕ್ತದಲ್ಲಿನ ಮದ್ಯವನ್ನು 100 ಮಿ.ಲೀ. ರಕ್ತಕ್ಕೆ ಎಷ್ಟು ಗ್ರಾಂ ಅಂತ ಅಳೆಯುತ್ತಾರೆ; ಅದು ಗಂಟೆಗೆ ಸುಮಾರು 0.015ರಷ್ಟು ಮಾತ್ರ ಇಳಿಯುತ್ತದೆ. ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಎಳೆಯ ಚಾಲಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 0.02. ನಡುರಾತ್ರಿ 0.12 ಇದ್ದವನು ಅಷ್ಟಕ್ಕೆ ಇಳಿಯುವಾಗ ಬೆಳಿಗ್ಗೆ ಆರೂವರೆ ದಾಟಿರುತ್ತದೆ.

‘ಕಡಿಮೆ ಕುಡಿದವನು ಓಡಿಸಲಿ’ ಅನ್ನೋದನ್ನೂ ಒಪ್ಪಬೇಡಿ. ಓಡಿಸುವವನು ಒಂದು ಗುಟುಕೂ ಕುಡಿದಿರಬಾರದು. ಪರೀಕ್ಷೆ ಸಮಯದಲ್ಲಿ ನಿದ್ದೆಗೆಟ್ಟವರಿಗೂ ಇದೇ ಟ್ಯಾಕ್ಸಿ ಸಿಗಲಿ. 17 ಗಂಟೆ ಎಚ್ಚರವಿದ್ದವನ ಕೈ ಕಾಲು ರಕ್ತದಲ್ಲಿ 0.05 ಮದ್ಯ ಇರುವವನ ಹಾಗೇ ನಿಧಾನವಾಗಿರುತ್ತವೆ.

ನಮಗೆ ಒಂದು ತಿಂಗಳು ಯಾರೂ ಕರೆ ಮಾಡಲಿಲ್ಲ. ಆಮೇಲೆ ಒಂದು ರಾತ್ರಿ ಒಂದೂವರೆಗೆ ಹುಡುಗಿಯೊಬ್ಬಳು, ‘ಸರ್, ಗಾಡಿ ಇಲ್ಲೇ ಬಿಡ್ತೀನಿ, ಯಾರನ್ನಾದ್ರೂ ಕಳಿಸ್ತೀರಾ?’ ಅಂದಳು. ಕಳಿಸಿದೆ. ಮರುದಿನ ಅವಳನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಆ ವಾರವೇ ಇನ್ನೂ ಮೂರು ಕರೆ ಬಂದವು.