ಬಡತನ ಒಂದೇ ಕಾರಣ ಅಂದರೆ ಸಾಲದು
ಫ್ರಾನ್ಸಿನ ಕ್ರಾಂತಿಗೆ ಬಡತನವೇ ಕಾರಣ ಅಂತ ಬರೆದಿದ್ದಕ್ಕೆ ಪ್ರಬಂಧ ವಾಪಸ್ ಬಂತು ಅಂದಿದ್ದೀರಿ. ತಪ್ಪಿರುವುದು ಅಲ್ಲೇ ಇರಬೇಕು. ಬಡತನ ಮೊದಲೂ ಇತ್ತು ಅಲ್ವಾ? ದುಡ್ಡು, ಓದು ಎರಡೂ ಇದ್ದು ಮರ್ಯಾದೆ ಸಿಗದವರ ಸಿಟ್ಟನ್ನು ನೀವು ಬಿಟ್ಟಿದ್ದೀರಿ.

ಮೊದಲು 1781ರ ಸೇನಾ ನಿಯಮ ಹಾಕಿ: ಅಧಿಕಾರಿಯಾಗಲು ನಾಲ್ಕು ತಲೆಮಾರಿನ ಕುಲೀನತೆ ತೋರಿಸಬೇಕಿತ್ತು. ಆಮೇಲೆ 1789ರ ಮೇ, ರಾಜನ ಅರಮನೆಯಿದ್ದ ವರ್ಸೇಲ್ಸ್‌ನಲ್ಲಿ ಮೂರು ಎಸ್ಟೇಟುಗಳ (ಪಾದ್ರಿಗಳು, ಕುಲೀನರು, ಉಳಿದ ಜನ ಎಂಬ ವರ್ಗಗಳ) ಪ್ರತಿನಿಧಿಗಳ ಸಭೆ. ಮೆರವಣಿಗೆಯಲ್ಲಿ ಕುಲೀನರಿಗೆ ಗರಿಯ ಟೋಪಿ, ಜರಿ ಬಟ್ಟೆ. ಮೂರನೇ ಎಸ್ಟೇಟಿನವರಿಗೆ ಸಾದಾ ಕಪ್ಪು. ನಂತರ ಮತ ತಲೆಗೊಂದೋ, ಎಸ್ಟೇಟಿಗೊಂದೋ ಅನ್ನುವ ಜಗಳ. ಜೂನ್ 17ಕ್ಕೆ ಮೂರನೇ ಎಸ್ಟೇಟಿನವರು ತಮ್ಮನ್ನೇ ರಾಷ್ಟ್ರೀಯ ಸಭೆ ಅಂತ ಕರೆದುಕೊಂಡರು.

ಸುಮ್ನೆ 'ವ್ಯಾಪಾರಿಗಳ ಕ್ರಾಂತಿ' ಅನ್ನಬೇಡಿ. ಮೂರನೇ ಎಸ್ಟೇಟಿನ ಪ್ರತಿನಿಧಿಗಳಲ್ಲಿ ವಕೀಲರು, ಸರ್ಕಾರಿ ಹುದ್ದೆಯವರೇ ಜಾಸ್ತಿ. ಮರ್ಯಾದೆ ಸಿಗದ ಈ ಸಿಟ್ಟೇ ಮುಖ್ಯ ಕಾರಣವಾ ಅನ್ನುವುದರಲ್ಲಿ ಇತಿಹಾಸಕಾರರಿಗೂ ಒಮ್ಮತವಿಲ್ಲ. ಹಾಗಾಗಿ ಬ್ರೆಡ್ಡಿನ ಬೆಲೆ, ಖಜಾನೆಯ ಸಾಲಕ್ಕೂ ಒಂದು ಪ್ಯಾರಾ ಕೊಡಿ.